‘ಅನ್‌ಫಿಟ್’ ಚೀಟಿ ಹೇಳದೆ ಉಳಿಸಿದ್ದು: ಕಾಸರಗೋಡಿನಲ್ಲಿ ಹೆಪಟೈಟಿಸ್, ಎಚ್‌ಐವಿ ಮತ್ತು ತಿಳಿಸಿ ಹೇಳುವವರ ಕೊರತೆ

ಎರಡು ಮಳೆಗಾಲಗಳ ಹಿಂದೆ, ಗಲ್ಫಿಗೆ ಹೊರಟು ನಿಂತಿದ್ದ ನಮ್ಮ ಊರಿನ ಯುವಕನೊಬ್ಬ ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿಟ್ಟ. ಕನ್ನಡವೂ ಮಲಯಾಳವೂ ಓದಲು ಬರುತ್ತದೆ, ಇಂಗ್ಲಿಷ್ ತಕ್ಕಮಟ್ಟಿಗೆ ತಿಳಿಯುತ್ತದೆ ಎಂಬ ಕಾರಣಕ್ಕೆ ಕಾಸರಗೋಡಿನ ಒಳನಾಡಿನಲ್ಲಿ ನಿವೃತ್ತ ಮಾಸ್ತರರ ಮನೆಗೆ ಇಂತಹ ಕಾಗದಗಳು ಬರುತ್ತಲೇ ಇರುತ್ತವೆ: ಪಂಚಾಯತಿನ ನೋಟೀಸು, ಬ್ಯಾಂಕಿನ ಪತ್ರ, ಆಸ್ಪತ್ರೆಯ ಚೀಟಿ. ಈ ಕಾಗದದಲ್ಲಿ ಪರೀಕ್ಷೆಗಳ ಹೆಸರುಗಳು ಸಾಲಾಗಿದ್ದವು; ಒಂದೊಂದರ ಮುಂದೆಯೂ ‘ನೆಗೆಟಿವ್’ ಎಂದಿತ್ತು. ಎಚ್‌ಬಿಎಸ್‌ಎಜಿ ಎಂಬ ಸಾಲಿನ ಮುಂದೆ, ಅಂದರೆ ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ಪರೀಕ್ಷೆಯ ಮುಂದೆ, ಮಾತ್ರ ‘ಪಾಸಿಟಿವ್’, ಕೆಳಗೆ ದಪ್ಪ ಅಕ್ಷರದಲ್ಲಿ ‘ಅನ್‌ಫಿಟ್’. “ಇದು ಏಡ್ಸ್ ಅಲ್ಲ ಅಲ್ವಾ ಮಾಷ್ಟ್ರೇ?” ಎಂದು ಕೇಳಿದ. ರಕ್ತ ತೆಗೆದ ಜಾಗದಲ್ಲಿ ಅವನನ್ನು ಕೂರಿಸಿಕೊಂಡು ಮಾತನಾಡಿದವರಿರಲಿಲ್ಲ. ವೀಸಾ ಮಾಡಿಸುವ ಏಜೆಂಟ್ ಮಾತ್ರ, ಆರು ತಿಂಗಳು ಬಿಟ್ಟು ಇನ್ನೊಂದು ಕಡೆ ನೋಡುವ ಎಂದಿದ್ದನಂತೆ.

ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವವರು ಹೊರಡುವ ಮೊದಲೇ ಮಾಡಿಸಿಕೊಳ್ಳಬೇಕಾದ ‘ಮೆಡಿಕಲ್’ನಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಕ್ಷಯ ಇವೆಲ್ಲದರ ತಪಾಸಣೆ ಇರುತ್ತದೆ. ಇವುಗಳಲ್ಲಿ ಒಂದು ಕಂಡರೂ ವೀಸಾ ನಿಂತುಹೋಗುತ್ತದೆ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಗಲ್ಫಿಗೆ ಹೋದವರಿಲ್ಲದ ಮನೆಗಳು ಕಡಿಮೆ. ಹಾಗಾಗಿ ಯಾರೂ ಯೋಜನೆ ಹಾಕದೆಯೇ ಈ ಮೆಡಿಕಲ್ ನಮ್ಮ ಜಿಲ್ಲೆಯ ಗಂಡಸರ ಮಟ್ಟಿಗೆ ಒಂದು ರೋಗಪತ್ತೆ ಕಾರ್ಯಕ್ರಮವಾಗಿಬಿಟ್ಟಿದೆ. ಆದರೆ ರೋಗ ಪತ್ತೆ ಮಾಡುವುದು ಅದರ ಉದ್ದೇಶವಲ್ಲ. ಯಾರನ್ನು ಒಳಗೆ ಬಿಡಬಾರದು ಎಂದು ತಿಳಿಯುವುದಷ್ಟೇ ಅದರ ಕೆಲಸ. ಆದ್ದರಿಂದ ಫಲಿತಾಂಶ ಕೈಗೆ ಬಂದ ಮೇಲೆ ಆ ಮನುಷ್ಯ ಎಲ್ಲಿಗೆ ಹೋಗಬೇಕು, ಮನೆಯವರಲ್ಲಿ ಯಾರ ರಕ್ತ ನೋಡಿಸಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬ ಮಾತು ಆ ಕಾಗದದಲ್ಲಿರುವುದಿಲ್ಲ.

ಎಚ್‌ಐವಿ, ಹೆಪಟೈಟಿಸ್ ಮತ್ತು ಲೈಂಗಿಕ ಆರೋಗ್ಯದ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ನಡೆದ ಸಂಶೋಧನೆ ನಮ್ಮ ಕೈಗೆ ಪರೀಕ್ಷೆ ಕೊಟ್ಟಿದೆ, ಮದ್ದು ಕೊಟ್ಟಿದೆ, ಲಸಿಕೆ ಕೊಟ್ಟಿದೆ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಇವು ಸೋರಿಹೋಗುವುದು ಬೇರೆಡೆ: ಚೀಟಿ ಕೈಗೆ ಬಂದ ನಂತರದ ಆ ಅರ್ಧ ಗಂಟೆಯ ಮಾತುಕತೆಯಲ್ಲಿ. ಅದು ನಡೆಯುವುದೇ ಇಲ್ಲ. ನಡೆದರೂ ಕೇಳುವವನಿಗೆ ಪೂರ್ತಿ ತಿಳಿಯದ ಭಾಷೆಯಲ್ಲಿ ನಡೆಯುತ್ತದೆ. ಆ ಜಾಗ ಖಾಲಿ ಉಳಿದಾಗ ‘ಅಪಾಯ’ ಎಂಬ ವೈದ್ಯಕೀಯ ಪದವು ‘ನಡತೆ’ ಎಂಬ ಊರ ಪದವಾಗಿ ಮಾರ್ಪಡುತ್ತದೆ.

ಆ ಯುವಕನ ವಿಷಯವನ್ನೇ ನೋಡಿ. ಹೆಪಟೈಟಿಸ್ ಬಿ ವೈರಸ್ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ‘ಲೈಂಗಿಕ’ ಎಂಬ ಒಂದೇ ಶಬ್ದ ಅವನ ಮನೆಯವರ ಕಿವಿಗೆ ಬಿದ್ದದ್ದು. ಆದರೆ ಈ ವೈರಸ್ಸಿನ ಸ್ವಭಾವದಲ್ಲಿ ವಯಸ್ಸಿನ ಪಾತ್ರ ಬಹಳ ದೊಡ್ಡದು. ಹುಟ್ಟುವಾಗ ಸೋಂಕು ತಗಲಿದ 10 ಶಿಶುಗಳಲ್ಲಿ ಸುಮಾರು 9 ಮಂದಿಯ ದೇಹದಲ್ಲಿ ಅದು ಜೀವನವಿಡೀ ಉಳಿದುಬಿಡುತ್ತದೆ. ಪ್ರಾಯಕ್ಕೆ ಬಂದ ಮೇಲೆ ತಗಲಿದರೆ 100ರಲ್ಲಿ 95ಕ್ಕಿಂತ ಹೆಚ್ಚು ಮಂದಿಯ ದೇಹ ಅದನ್ನು ತಾನಾಗಿಯೇ ಹೊರಹಾಕುತ್ತದೆ. ಅಂದರೆ 28-30ರ ಹರೆಯದಲ್ಲಿ, ಯಾವ ತೊಂದರೆಯೂ ಇಲ್ಲದೆ, ರಕ್ತಪರೀಕ್ಷೆಯಲ್ಲಿ ಮಾತ್ರ ಈ ವೈರಸ್ ಕಾಣಿಸಿಕೊಂಡರೆ, ಅದು ಹುಟ್ಟುವಾಗ ಅಥವಾ ಎಳವೆಯಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು. ಮುಂಬಯಿಯಲ್ಲಿ ಎರಡು ವರ್ಷ ಹೋಟೆಲ್ ಕೆಲಸದಲ್ಲಿದ್ದಾಗ ಅವನೇನು ಮಾಡಿದ ಎಂದು ಹೆಂಡತಿಯ ಮನೆಯವರು ಹುಡುಕುತ್ತಿದ್ದರು. ಹುಡುಕಬೇಕಾಗಿದ್ದದ್ದು ಮೂವತ್ತು ವರ್ಷ ಹಿಂದಿನ ಒಂದು ಹೆರಿಗೆಯನ್ನು.

ಲಸಿಕೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವ್ಯಾಲೆಂಟ್ ಲಸಿಕೆ, ಅದರೊಳಗೆ ಹೆಪಟೈಟಿಸ್ ಬಿ ಕೂಡ ಸೇರಿದ್ದು, ಭಾರತದಲ್ಲಿ ಮೊದಲು ಬಂದದ್ದು ಕೇರಳ ಮತ್ತು ತಮಿಳುನಾಡಿಗೆ, 2011ರ ಡಿಸೆಂಬರಿನಲ್ಲಿ. ಇಂದು ಕೆಲಸ ಹುಡುಕಿಕೊಂಡು ವಿಮಾನ ಹತ್ತುವ ಹರೆಯದವರು ಹುಟ್ಟಿದ್ದು ಅದಕ್ಕೂ ಹಿಂದೆ. ಹಣ ಕೊಟ್ಟು ಖಾಸಗಿಯಾಗಿ ಹಾಕಿಸಿಕೊಂಡವರನ್ನು ಬಿಟ್ಟರೆ ಅವರಲ್ಲಿ ಹೆಚ್ಚಿನವರಿಗೆ ಆ ರಕ್ಷಣೆ ಸಿಕ್ಕಿಲ್ಲ. ವಯಸ್ಕರು ಈಗಲೂ ಮೂರು ಚುಚ್ಚುಮದ್ದುಗಳಲ್ಲಿ, ಅಂದರೆ ಇಂದು, ಒಂದು ತಿಂಗಳ ಮೇಲೆ, ಆರು ತಿಂಗಳ ಮೇಲೆ, ಅದನ್ನು ಪಡೆಯಬಹುದು. ಮೆಡಿಕಲ್‌ನಲ್ಲಿ ಪಾಸಾದವರಿಗೆ, ನಿನಗೆ ಈ ರೋಗವಿಲ್ಲ, ಇನ್ನು ಬಾರದಂತೆ ಲಸಿಕೆ ಹಾಕಿಸಿಕೋ ಎಂದು ಹೇಳಿದ ಒಂದು ಉದಾಹರಣೆಯನ್ನೂ ನಾನು ಕೇಳಿಲ್ಲ. ಫೇಲಾದವರ ಗೋಳು ನಮಗೆ ತಿಳಿಯುತ್ತದೆ; ಪಾಸಾದವರ ವಿಷಯದಲ್ಲಿ ತಪ್ಪಿಹೋದ ಅವಕಾಶ ಯಾರ ಗಮನಕ್ಕೂ ಬರುವುದಿಲ್ಲ.

ಪಾಸಿಟಿವ್ ಬಂದವರೆಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ ಎಂಬುದೂ ಚೀಟಿಯಲ್ಲಿಲ್ಲದ ಇನ್ನೊಂದು ಸಂಗತಿ. ರಕ್ತದಲ್ಲಿ ವೈರಸ್ಸಿನ ಪ್ರಮಾಣ ಎಷ್ಟು, ಯಕೃತ್ತಿನ ಕಿಣ್ವಗಳು ಏರಿವೆಯೇ, ಸ್ಕ್ಯಾನಿಂಗಿನಲ್ಲಿ ಗಾಯದ ಗುರುತಿದೆಯೇ ಎಂದು ನೋಡಿ ತೀರ್ಮಾನಿಸುತ್ತಾರೆ. ಬೇಕಾದವರಿಗೆ ದಿನಕ್ಕೊಂದು ಟೆನೋಫೋವಿರ್ ಮಾತ್ರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಅದು ಉಚಿತ. ಬೇಡದವರು ಆರಾರು ತಿಂಗಳಿಗೊಮ್ಮೆ ನೋಡಿಸಿಕೊಂಡಿರಬೇಕು, ಅಷ್ಟೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಮಗುವನ್ನು ಎತ್ತಿಕೊಂಡರೆ ಇದು ಹರಡುವುದಿಲ್ಲ. ಆದರೆ ಈ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವ ಹಿಡಿದುಕೊಂಡಿರಬಲ್ಲದು, ಹಾಗಾಗಿ ಬ್ಲೇಡು, ಶೇವಿಂಗ್ ಸೆಟ್ಟು, ಹಲ್ಲುಜ್ಜುವ ಬ್ರಷ್ಷು ಬೇರೆಯಾಗಿರಬೇಕು. ಅವನ ಮನೆಯಲ್ಲಿ ತಟ್ಟೆ ಬೇರೆ ಮಾಡಿದ್ದರು, ಬ್ಲೇಡು ಒಂದೇ ಇತ್ತು.

ಆಸ್ಪತ್ರೆಗಳಲ್ಲಿ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿಕೊಂಡ ಸಿಬ್ಬಂದಿಯ ಲೆಕ್ಕದಿಂದ ಹುಟ್ಟಿದ ಒಂದು ಹಳೆಯ ಸೂತ್ರವಿದೆ: ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೆ, ಹೆಪಟೈಟಿಸ್ ಸಿಗೆ ಸುಮಾರು 3, ಎಚ್‌ಐವಿಗೆ ಸುಮಾರು 0.3. ನಮ್ಮ ಊರುಗಳಲ್ಲಿ ಹೆದರಿಕೆಯ ಸರಣಿ ಇದಕ್ಕೆ ನೇರ ತಿರುಗುಮುರುಗು.

‘ಹೆಪಟೈಟಿಸ್’ ಎಂಬ ಹೆಸರೇ ಇನ್ನೊಂದು ಗೊಂದಲದ ಮೂಲ. ಕೇರಳದಲ್ಲಿ ಮಳೆಗಾಲ ಬಂದರೆ ಹೆಪಟೈಟಿಸ್ ಎ ಸುದ್ದಿ ಪತ್ರಿಕೆಗಳಲ್ಲಿ ತುಂಬಿಕೊಳ್ಳುತ್ತದೆ. 2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಗೂರಿನಲ್ಲಿ, ಮಲಪ್ಪುರಂ ಜಿಲ್ಲೆಯಲ್ಲಿ ಅದು ದೊಡ್ಡದಾಗಿಯೇ ಹಬ್ಬಿತ್ತು. ಅದು ಕಲುಷಿತ ನೀರಿನಿಂದ ಬರುವ ಕಾಮಾಲೆ, ಬಂದು ಹೋಗುತ್ತದೆ. ಬಿ ಮತ್ತು ಸಿ ಬೇರೆಯೇ ವೈರಸ್ಸುಗಳು. ಹೆಚ್ಚಿನವರಲ್ಲಿ ಕಣ್ಣು ಹಳದಿಯಾಗುವುದೂ ಇಲ್ಲ. ಕಾಮಾಲೆ ಎಂದ ಕೂಡಲೇ ಉಪ್ಪು, ಎಣ್ಣೆ ಬಿಟ್ಟು ಪಥ್ಯ ಹಿಡಿಯುವುದು, ನೆಲನೆಲ್ಲಿ ಅರೆದು ಹಾಲಲ್ಲೋ ಮಜ್ಜಿಗೆಯಲ್ಲೋ ಕುಡಿಯುವುದು ಇಲ್ಲಿಯ ರೂಢಿ. ಎ ವೈರಸ್ಸಿನ ಕಾಮಾಲೆ ಹೇಗೂ ತಾನಾಗಿ ವಾಸಿಯಾಗುವಂಥದ್ದು. ವಾಸಿಯಾದಾಗ ಹೆಸರು ನೆಲನೆಲ್ಲಿಗೆ ಬರುತ್ತದೆ, ಆ ನಂಬಿಕೆಯೇ ಮುಂದೆ ಬಿ ವೈರಸ್ಸಿಗೂ ಅನ್ವಯವಾಗುತ್ತದೆ.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮೊದಲು ಒಂದು ಸ್ವಾರಸ್ಯದ ಘಟನೆಯನ್ನು ನೆನೆಯಬೇಕು. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಮದರಾಸಿನ ಎಸ್. ಪಿ. ತ್ಯಾಗರಾಜನ್ ಮತ್ತಿತರರ ಜೊತೆ ಸೇರಿ ನೆಲನೆಲ್ಲಿಯ ಜಾತಿಯ ಸಸ್ಯವನ್ನು ವೈಜ್ಞಾನಿಕವಾಗಿ ಪರೀಕ್ಷಿಸಿದ್ದರು. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮದ್ದು ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬರಿಯ ಹುಸಿಮಾತ್ರೆ ತಿಂದ 23 ಮಂದಿಯಲ್ಲಿ ಒಬ್ಬರದ್ದು ಮಾತ್ರ. ಓದಿದವರು ಬೆರಗಾದರು. ಆದರೆ ಬೇರೆ ಬೇರೆ ದೇಶಗಳಲ್ಲಿ ಅದೇ ಪ್ರಯೋಗವನ್ನು ಮಾಡಿ ನೋಡಿದಾಗ ಆ ಫಲಿತಾಂಶ ಮತ್ತೆ ಸಿಗಲಿಲ್ಲ. 2011ರ ವೇಳೆಗೆ ಎಲ್ಲ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿದ ಕಾಕ್ರೇನ್ ವಿಮರ್ಶೆಯು ನಂಬಬಹುದಾದ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂತು. ನನ್ನ ಮಟ್ಟಿಗೆ ಇದು ಹಳ್ಳಿಮದ್ದಿನ ಸೋಲಿನ ಕಥೆಯಲ್ಲ. ಸಂಶೋಧನೆ ಎಂದರೆ ಏನೆಂಬುದರ ಕಥೆ: ನೊಬೆಲ್ ಪಡೆದವರ ಹೆಸರಿದ್ದರೂ ಒಂದು ಸಣ್ಣ ಅಧ್ಯಯನ ಸಾಲದು, ಎರಡನೆಯವನು, ಮೂರನೆಯವನು ಮಾಡಿದಾಗಲೂ ನಿಲ್ಲಬೇಕು. ನೆಲನೆಲ್ಲಿಯನ್ನು ಶ್ರದ್ಧೆಯಿಂದ ಅರೆದುಕೊಟ್ಟ ಅಜ್ಜಿಯ ಮುಂದೆ ಆ 37 ಮತ್ತು 23ರ ಕಥೆಯನ್ನು ಕನ್ನಡದಲ್ಲಿ ಹೇಳಿದರೆ ಆಕೆ ಕೇಳುತ್ತಾರೆ. ನಾನು ಹೇಳಿ ನೋಡಿದ್ದೇನೆ. ‘ಅದೆಲ್ಲ ಸುಳ್ಳು’ ಎಂದರೆ ಕೇಳುವುದಿಲ್ಲ.

ಇನ್ನು ಅಂಕಿಗಳ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ, 55 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ಇತ್ತು. ನಮ್ಮದೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಹೆಪಟೈಟಿಸ್ ಬಿ ಕಂಡದ್ದು ಶೇಕಡಾ 0.95, ಸಿ ಕಂಡದ್ದು ಶೇಕಡಾ 0.32. ಆ 0.95ನ್ನು ದೇಶದ ಜನಸಂಖ್ಯೆಗೆ ಗುಣಿಸಿದರೆ ಒಂದೂಕಾಲು ಕೋಟಿಯ ಆಸುಪಾಸಿಗೆ ನಿಲ್ಲುತ್ತದೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯ ಅರ್ಧಕ್ಕಿಂತಲೂ ಕಡಿಮೆ. ಒಂದು ಹಲವು ಆಧಾರಗಳಿಂದ ಕಟ್ಟಿದ ಅಂದಾಜು, ಇನ್ನೊಂದು ಮನೆಮನೆಯ ರಕ್ತದ ಹನಿ. ಎಚ್‌ಐವಿಯಲ್ಲೂ ಹೀಗೆಯೇ ಆಗಿತ್ತು: ಗರ್ಭಿಣಿಯರ ಚಿಕಿತ್ಸಾಲಯಗಳು ಮತ್ತು ಲೈಂಗಿಕ ರೋಗಗಳ ಚಿಕಿತ್ಸಾಲಯಗಳ ಮಾದರಿಗಳನ್ನು ನಂಬಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆ ಎಂದುಕೊಂಡಿದ್ದವರು, ಮನೆಮನೆಯ ಸಮೀಕ್ಷೆ ಬಂದ ಮೇಲೆ 2007ರಲ್ಲಿ ಅದನ್ನು ಸುಮಾರು 25 ಲಕ್ಷಕ್ಕೆ ಇಳಿಸಬೇಕಾಯಿತು.

ರಾಜ್ಯವಾರು ಅಂಕಿಗಳಿಗೆ ಬಂದರೆ ಕಾಸರಗೋಡಿನ ಸ್ಥಿತಿ ವಿಚಿತ್ರವಾದದ್ದು. 2021ರ ಅಂದಾಜಿನಂತೆ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ದೇಶದಲ್ಲಿ ಶೇಕಡಾ 0.21, ಕರ್ನಾಟಕದಲ್ಲಿ 0.46, ಆಂಧ್ರಪ್ರದೇಶದಲ್ಲಿ 0.67, ಕೇರಳದಲ್ಲಿ 0.1ಕ್ಕಿಂತಲೂ ಕೆಳಗೆ. ಎರಡು ರಾಜ್ಯಗಳ ಗಡಿಯಾದ ತಲಪ್ಪಾಡಿಯ ಟೋಲ್‌ಗೇಟ್ ದಾಟುತ್ತಿದ್ದ ಹಾಗೆ ಅಪಾಯ ಹಲವು ಪಟ್ಟು ಏರಿತು ಎಂದು ಇದರ ಅರ್ಥವೇ? ಖಂಡಿತ ಅಲ್ಲ. ಕರ್ನಾಟಕದ ಎಚ್‌ಐವಿ ಭಾರದ ದೊಡ್ಡ ಪಾಲು ಚರಿತ್ರೆಯಿಂದಲೇ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಗಿತ್ತು. ಅತ್ತ ಮಹಾರಾಷ್ಟ್ರದ ಸಾಂಗಲಿಗೂ ಇತ್ತ ಬಾಗಲಕೋಟೆಗೂ ದೇವದಾಸಿ ಪದ್ಧತಿ, ಕೂಲಿಗಾಗಿ ಗುಳೆ ಹೋಗುವಿಕೆ, ದಂಧೆಯ ದಾರಿ ಎಲ್ಲವೂ ಒಂದೇ ಆಗಿದ್ದವು. ಅಲ್ಲಿ ಸಂಶೋಧಕರೂ ಸಂಘಟನೆಗಳೂ ರಾಜ್ಯದ ಗಡಿಯನ್ನು ಬದಿಗಿಟ್ಟು ಜನ ಓಡಾಡುವ ದಾರಿಯನ್ನೇ ನೋಡಬೇಕಾಯಿತು. ಕಾಸರಗೋಡು ಕಡಿಮೆ ಭಾರದ ರಾಜ್ಯದ ತುದಿಯಲ್ಲಿರುವುದರಿಂದ ಅಂತಹ ಒತ್ತಡ ಹುಟ್ಟಲಿಲ್ಲ. ಇಲ್ಲಿಯವರು ಕಾಯಿಲೆ ಗುಟ್ಟಾಗಿರಲಿ ಎಂದು ಮಂಗಳೂರಿಗೆ ಹೋಗಿ ರಕ್ತ ಕೊಡುತ್ತಾರೆ. ಅತ್ತಲಿನವರೂ ಅದೇ ಕಾರಣಕ್ಕೆ ಇತ್ತ ಬರಬಹುದು. ಒಂದು ಜಿಲ್ಲೆಯ ಕಡಿಮೆ ಅಂಕಿಯಲ್ಲಿ ಎಷ್ಟು ಪಾಲು ರೋಗದ ಕೊರತೆ, ಎಷ್ಟು ಪಾಲು ಓಡಾಟದ ಫಲ ಎಂಬ ಪ್ರಶ್ನೆಯನ್ನು ರಾಜ್ಯಗಳು ಬೇರೆ ಬೇರೆಯಾಗಿ ಕುಳಿತು ಬಿಡಿಸಲಾರವು.

ಆ ಓಡಾಟ ಎಷ್ಟು ಆಳವಾದದ್ದು ಎಂದು ಹೊರಗಿನವರಿಗೆ ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಗಡಿಯ ರಸ್ತೆಗಳ ಮೇಲೆ ಮಣ್ಣು ಸುರಿದು ದಾರಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಡಯಾಲಿಸಿಸ್ ತಪ್ಪಿದವರ, ಹೃದಯದ ಕಾಯಿಲೆಯವರ ಕಥೆ ಪತ್ರಿಕೆಗಳಲ್ಲಿ ಬಂತು. ಎಚ್‌ಐವಿಯನ್ನು ಅದುಮಿಡುವ ಎಆರ್‌ಟಿ ಮಾತ್ರೆಗೆ ಗಡಿ ದಾಟುತ್ತಿದ್ದವರ ಕಥೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಪೊಲೀಸರ ಮುಂದೆ ಯಾವ ಕಾಯಿಲೆಗೆ ಹೋಗುತ್ತಿದ್ದೇನೆಂದು ಅವರು ಹೇಳಬೇಕಾಗುತ್ತಿತ್ತು. ಇದರಲ್ಲೊಂದು ವೈದ್ಯಕೀಯ ಸೂಕ್ಷ್ಮವೂ ಇದೆ. ಇಂದು ಹೆಚ್ಚಿನವರು ತೆಗೆದುಕೊಳ್ಳುವ ಎಚ್‌ಐವಿ ಮಾತ್ರೆಯಲ್ಲಿ ಟೆನೋಫೋವಿರ್ ಮತ್ತು ಲ್ಯಾಮಿವುಡಿನ್ ಇವೆ; ಇವೆರಡೂ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತವೆ. ಎರಡೂ ಸೋಂಕು ಇರುವವರು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಒಮ್ಮೆಲೇ ಕೆರಳಬಹುದು. ಹತ್ತಿರದ ಕೇಂದ್ರದಿಂದಲೇ ಮಾತ್ರೆ ಪಡೆಯಬಹುದು, ಹೆಸರು ಗುಟ್ಟಾಗಿಯೇ ಇರುತ್ತದೆ, ಒಂದು ರಾಜ್ಯದ ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿಸಿಕೊಳ್ಳಬಹುದು ಎಂದು ಅವರಿಗೆ ಮನಮುಟ್ಟುವಂತೆ ಹೇಳಿದವರಿದ್ದರೆ ಎಷ್ಟೋ ಮಂದಿ ತಲಪ್ಪಾಡಿಯನ್ನು ನೆಚ್ಚಿಕೊಂಡಿರಬೇಕಾಗಿರಲಿಲ್ಲ.

ಹೆರಿಗೆಯ ವಿಷಯದಲ್ಲೂ ಇದೇ ಸೀಳು ಇದೆ. ಮಂಜೇಶ್ವರ, ಉಪ್ಪಳದ ಕಡೆಯ ಎಷ್ಟೋ ಹೆರಿಗೆಗಳು ಮಂಗಳೂರಿನಲ್ಲಿ ಆಗುತ್ತವೆ. ಹುಟ್ಟಿದ 24 ಗಂಟೆಯೊಳಗೆ ಕೊಡಬೇಕಾದ ಹೆಪಟೈಟಿಸ್ ಬಿ ಚುಚ್ಚುಮದ್ದು ಕರ್ನಾಟಕದ ಕಾರ್ಡಿನಲ್ಲಿ, 6, 10, 14ನೇ ವಾರದ ಪೆಂಟಾವ್ಯಾಲೆಂಟ್ ಕೇರಳದ ಕಾರ್ಡಿನಲ್ಲಿ. ತಾಯಿಯಿಂದ ಮಗುವಿಗೆ ದಾಟುವುದನ್ನು ತಡೆಯುವ ಕೀಲಿ ಆ ಮೊದಲ ಚುಚ್ಚುಮದ್ದೇ. ಅದು ಬಿದ್ದಿದೆಯೇ ಇಲ್ಲವೇ ಎಂದು ಇಲ್ಲಿಯ ನರ್ಸ್ ಕೇಳಿದರೆ ಬಾಣಂತಿ ತೋರಿಸುವುದು ಡಿಸ್ಚಾರ್ಜ್ ಚೀಟಿಯ ಮಾಸಿದ ಒಂದು ಸಾಲು.

ಈಗ ಭಾಷೆ. ಕೇರಳದಲ್ಲಿ ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆಯ ಕೇಂದ್ರಗಳಿಗೆ ‘ಜ್ಯೋತಿಸ್’ ಎಂದೂ, ಎಆರ್‌ಟಿ ಕೇಂದ್ರಗಳಿಗೆ ‘ಉಷಸ್’ ಎಂದೂ, ಲೈಂಗಿಕ ರೋಗಗಳ ಚಿಕಿತ್ಸಾಲಯಗಳಿಗೆ ‘ಪುಲರಿ’ ಎಂದೂ ಹೆಸರಿಟ್ಟಿದ್ದಾರೆ. ಕಳಂಕ ತಟ್ಟದ, ಬೆಳಕಿನ ಹೆಸರುಗಳು; ಚಿಂತನೆಯಿಂದ ಇಟ್ಟವು. ಆದರೆ ಮಲಯಾಳ ಓದಲಾಗದ ಕನ್ನಡಿಗನಿಗೆ ಆ ಬೋರ್ಡಿನ ಕೆಳಗೆ ಏನು ನಡೆಯುತ್ತದೆಂದು ತಿಳಿಯುವುದಿಲ್ಲ. ಗಡಿಯಾಚೆ ‘ಆಪ್ತ ಸಮಾಲೋಚನಾ ಕೇಂದ್ರ’ ಎಂದು ಬರೆದದ್ದನ್ನು ಓದಿದವನಿಗೆ ಇದೂ ಅದೇ ಎಂದು ಹೊಳೆಯುವುದಿಲ್ಲ. ‘ಒನ್ನಾಯಿ ಪೂಜ್ಯತ್ತಿಲೇಕ್ಕ್’ ಎಂಬುದು ಹೊಸ ಸೋಂಕನ್ನು ಸೊನ್ನೆಗಿಳಿಸುವ ಕೇರಳದ ಪ್ರಚಾರದ ಘೋಷವಾಕ್ಯ. ಮಲಯಾಳದಲ್ಲಿ ಪೂಜ್ಯವೆಂದರೆ ಸೊನ್ನೆ. ನಮ್ಮವರೊಬ್ಬರು ಅದನ್ನು ಕೇಳಿ, “ಏಡ್ಸಿಗೂ ಪೂಜೆಗೂ ಏನು ಸಂಬಂಧ?” ಎಂದಿದ್ದರು. ನಕ್ಕು ಬಿಡಬಹುದಾದದ್ದು. ಆದರೆ ಸಮಾಲೋಚನೆಯ ಕೋಣೆಯೊಳಗೆ ಹೀಗಾದಾಗ ನಗು ಬರುವುದಿಲ್ಲ. ‘ಅಣುಬಾಧ’ ಎಂದರೆ ಸೋಂಕು, ‘ರಕ್ತಪರಿಶೋಧನ’ ಎಂದರೆ ರಕ್ತಪರೀಕ್ಷೆ, ‘ಉರ’ ಎಂದರೆ ನಿರೋಧ್. ಸಂತೆಯಲ್ಲಿ ಮೀನು ಕೊಳ್ಳುವಷ್ಟು, ಬಸ್ಸಿನಲ್ಲಿ ಜಗಳವಾಡುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ. ಗಂಡನೊಡನೆ ಕೊನೆಯ ಸಲ ಯಾವಾಗ, ಹೇಗೆ ಎಂದು ಅಪರಿಚಿತರು ಕೇಳಿದ್ದಕ್ಕೆ ಉತ್ತರಿಸುವಷ್ಟು ಬರುವುದಿಲ್ಲ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಟಿಯನ್ನೋ ಆಡುವ ಹೆಂಗಸು ಅಂತಹ ಪ್ರಶ್ನೆಗೆ ತಲೆಯಾಡಿಸುತ್ತಾಳೆ. ತಲೆಯಾಡಿಸಿದ್ದನ್ನು ‘ತಿಳಿಯಿತು’ ಎಂದು ಬರೆದುಕೊಳ್ಳುತ್ತಾರೆ.

ಇದು ಸೌಜನ್ಯದ ವಿಷಯ ಮಾತ್ರವಲ್ಲ, ಕಾನೂನಿನ ವಿಷಯವೂ ಹೌದು. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು ಎನ್ನುತ್ತದೆ. ಆ ಒಪ್ಪಿಗೆ ಎಂದರೇನು ಎಂದು ವಿವರಿಸುವಾಗ, ಮಾಹಿತಿಯನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಿರಬೇಕು ಎಂದು ಸೇರಿಸುತ್ತದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಭಾಷಾ ಹಕ್ಕಿನ ನಮ್ಮ ಹೋರಾಟಗಳು ಶಾಲೆ, ನೇಮಕಾತಿ, ಅರ್ಜಿ ನಮೂನೆಗಳ ಸುತ್ತ ನಡೆದಿವೆ. ರಕ್ತಪರೀಕ್ಷೆಯ ಕೋಣೆಯ ಕನ್ನಡಕ್ಕಾಗಿ ಯಾರೂ ಧರಣಿ ಕೂತದ್ದಿಲ್ಲ. ಕಾರಣ ಊಹಿಸಬಹುದು: ಧರಣಿ ಕೂತವನಿಗೆ ಆ ಕಾಯಿಲೆ ಇದೆ ಎಂದಾಗಿಬಿಡುತ್ತದೆ.

ಅದೇ ಕಾಯ್ದೆಯಂತೆ ದೇಶದೊಳಗೆ ಉದ್ಯೋಗಕ್ಕೆ ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಹಾಕುವಂತಿಲ್ಲ. ವಿದೇಶದ ವೀಸಾ ಅದರ ಕೈಗೆ ಸಿಗದು. ಹೆಪಟೈಟಿಸ್ ಬಿ ಇರುವವರಿಗಂತೂ ದೇಶದೊಳಗೂ ಇಂತಹ ಪ್ರತ್ಯೇಕ ಕಾನೂನಿನ ಆಸರೆ ಇಲ್ಲ.

ಎಚ್‌ಐವಿಯ ವಿಜ್ಞಾನ ಈ ಹದಿನೈದು ವರ್ಷಗಳಲ್ಲಿ ಎಷ್ಟು ಮುಂದೆ ಹೋಗಿದೆ ಎಂಬುದು ಊರಿಗೆ ತಲುಪದೇ ಇರುವುದಕ್ಕೂ ಕಾರಣ ತಿಳಿಸಿ ಹೇಳುವವರ ಅದೇ ಖಾಲಿ ಕುರ್ಚಿ. ಪುಣೆ ಮತ್ತು ಚೆನ್ನೈಯೂ ಸೇರಿ ಒಂಬತ್ತು ದೇಶಗಳಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,763 ಜೋಡಿಗಳ ಮೇಲೆ ನಡೆದ ಎಚ್‌ಪಿಟಿಎನ್ 052 ಎಂಬ ಪ್ರಯೋಗವು, ಬೇಗ ಮಾತ್ರೆ ಆರಂಭಿಸಿದರೆ ಸಂಗಾತಿಗೆ ಹರಡುವುದು ಶೇಕಡಾ 96ರಷ್ಟು ತಗ್ಗುತ್ತದೆ ಎಂದು 2011ರಲ್ಲೇ ತೋರಿಸಿತು. ಮುಂದಿನ ಅಧ್ಯಯನಗಳು ಇನ್ನೂ ಖಚಿತವಾಗಿ ಹೇಳಿದವು: ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಅದು ಹರಡುವುದೇ ಇಲ್ಲ. ದೇಶದಲ್ಲಿ 2004ರಿಂದ ಈ ಮಾತ್ರೆ ಉಚಿತ; 2017ರಿಂದ ಪತ್ತೆಯಾದ ಕೂಡಲೇ ಕೊಡುತ್ತಾರೆ. ಹೀಗಿದ್ದರೂ ನಮ್ಮ ಗೋಡೆಬರಹಗಳಲ್ಲಿ ಇನ್ನೂ ‘ಮಾರಕ’ ಎಂಬ ಮಾತೇ ಇದೆ. ಸಿಫಿಲಿಸ್ ಆರಂಭದಲ್ಲೇ ಪತ್ತೆಯಾದರೆ ಒಂದು ಪೆನಿಸಿಲಿನ್ ಚುಚ್ಚುಮದ್ದಿಗೆ ಮಣಿಯುವ ರೋಗ, ಹೆಪಟೈಟಿಸ್ ಸಿ 12 ವಾರಗಳ ಮಾತ್ರೆಯಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಪೂರ್ತಿ ವಾಸಿಯಾಗುವ ರೋಗ. ಎರಡನ್ನೂ ನಾವು ‘ಗುಪ್ತರೋಗ’ದ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇವೆ.

‘ಅಪಾಯದ ಗುಂಪು’ ಎಂಬ ಪರಿಕಲ್ಪನೆಯಿಂದ ಸಂಶೋಧನೆಗೆ ಲಾಭವಾಗಿದೆ ಎಂಬುದನ್ನು ಒಪ್ಪಬೇಕು. ಸೋಂಕು ಹೆಚ್ಚಿರುವಲ್ಲಿಗೇ ನಿರೋಧ್, ಪರೀಕ್ಷೆ, ಮಾತ್ರೆ ತಲುಪಿಸಿದ್ದರಿಂದಲೇ ದಕ್ಷಿಣದ ರಾಜ್ಯಗಳಲ್ಲಿ ಎಚ್‌ಐವಿ ಇಳಿಯಿತು. ಆದರೆ ಅದು ಊರಿಗೆ ಬಂದಾಗ, ಗುಂಪಿನ ಹೊರಗಿರುವ ನಮಗೇನೂ ಆಗದು ಎಂಬ ಸಮಾಧಾನವಾಗಿ ಬದಲಾಗುತ್ತದೆ. 2025ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ, ಮಾದಕ ದ್ರವ್ಯಕ್ಕೆ ಒಂದೇ ಸಿರಿಂಜು ಬಳಸುತ್ತಿದ್ದ 10 ಮಂದಿಯಲ್ಲಿ ಎಚ್‌ಐವಿ ಪತ್ತೆಯಾದಾಗ ಕೇರಳವೇ ಬೆಚ್ಚಿತು. ಸಿರಿಂಜು ಹಂಚಿಕೊಳ್ಳುವ ಕಡೆ ಹೆಪಟೈಟಿಸ್ ಸಿ ಸಾಮಾನ್ಯವಾಗಿ ಎಚ್‌ಐವಿಗಿಂತ ಮೊದಲೇ ಹಬ್ಬಿರುತ್ತದೆ. ಅದನ್ನು ಹುಡುಕಿದರೆ ಇನ್ನೊಂದರ ಮುನ್ಸೂಚನೆ ಸಿಗುತ್ತದೆ. ಹೆದ್ದಾರಿ 66ರ ಉದ್ದಕ್ಕೂ ಹುಡುಗರ ಕೈಗೆ ಏನೇನು ಸಿಗುತ್ತಿದೆ ಎಂದು ಶಾಲೆಯಲ್ಲಿದ್ದ ನನಗೆ ಅಲ್ಪಸ್ವಲ್ಪ ಗೊತ್ತು. ವಳಾಂಚೇರಿ ನಮಗೆ ದೂರದ ಊರಲ್ಲ.

ಹಾಗೆಂದು ಇನ್ನೊಂದು ಸಮೀಕ್ಷೆ ಮಾಡಿ ಎಂದರೆ ಇಲ್ಲಿಯ ಜನ ಸುಲಭಕ್ಕೆ ಬಾಗಿಲು ತೆರೆಯುವುದಿಲ್ಲ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಎಣ್ಮಕಜೆ ಪಂಚಾಯತಿನ ಪಡ್ರೆಯಂತಹ ಕನ್ನಡದ ಊರುಗಳಿಗೆ ಎಷ್ಟು ತಂಡಗಳು ರಕ್ತ ತೆಗೆಯಲು ಬಂದವು, ಎಷ್ಟು ಮಂದಿ ಫಲಿತಾಂಶ ಹೇಳಲು ಮರಳಿ ಬಂದರು ಎಂಬ ಲೆಕ್ಕವನ್ನು ಅಲ್ಲಿಯವರು ಇಟ್ಟುಕೊಂಡಿದ್ದಾರೆ. ರಕ್ತ ಕೊಟ್ಟವನಿಗೆ ಅವನ ಭಾಷೆಯಲ್ಲಿ ಉತ್ತರ ಹೇಳುವ ಏರ್ಪಾಡು ಮೊದಲು ಆಗಬೇಕು, ಪ್ರಶ್ನಾವಳಿ ಆಮೇಲೆ. ಅದು ದುಬಾರಿಯೂ ಅಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಆಶಾ ಕಾರ್ಯಕರ್ತೆಯರಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವರು ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರಿಗೆ ಸಮಾಲೋಚನೆಯ ತರಬೇತಿ ಮತ್ತು ಗುಟ್ಟು ಕಾಯುವ ಹೊಣೆ ಎರಡನ್ನೂ ಕೊಡಬಹುದು. ಗಲ್ಫ್ ಮೆಡಿಕಲ್ ನಡೆಸುವಲ್ಲಿ ‘ಅನ್‌ಫಿಟ್’ ಚೀಟಿಯ ಜೊತೆಗೆ ಹತ್ತಿರದ ಸರಕಾರಿ ಕೇಂದ್ರದ ವಿಳಾಸವನ್ನೂ 1097 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನೂ ಕನ್ನಡ ಮತ್ತು ಮಲಯಾಳದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ ಕೊಡುವಂತೆ ಜಿಲ್ಲಾಡಳಿತ ಹೇಳಬಹುದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಆರೋಗ್ಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಒಂದೇ ಮೇಜಿನಲ್ಲಿ ಕುಳಿತರೆ ಅತ್ತಿತ್ತ ಹೋದವರ ಲೆಕ್ಕ ಸಿಗುತ್ತದೆ.

ಆ ಯುವಕನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ವೈರಸ್ಸಿನ ಪ್ರಮಾಣ ಕಡಿಮೆ, ಯಕೃತ್ತು ಸರಿಯಾಗಿದೆ, ಈಗ ಮಾತ್ರೆ ಬೇಡ, ಆರು ತಿಂಗಳ ಮೇಲೆ ಬನ್ನಿ ಎಂದರು. ಹೆಂಡತಿಯ ರಕ್ತದಲ್ಲಿ ಏನೂ ಇರಲಿಲ್ಲ. ಅವಳಿಗೆ ಮೂರು ಚುಚ್ಚುಮದ್ದೂ ಆಯಿತು. ಅವನ ಅಣ್ಣನನ್ನೂ ಅಕ್ಕನನ್ನೂ ನೋಡಿಸಿ ಎಂದ ವೈದ್ಯರು ಕೊನೆಗೆ, ತಾಯಿ ಇದ್ದಾರಾ ಎಂದು ಕೇಳಿದರು. ತಾಯಿಗೆ ಅರುವತ್ತು ದಾಟಿದೆ. ನಾಲ್ಕು ಹೆರಿಗೆ ಮನೆಯಲ್ಲೇ ಆದದ್ದು, ಅದುವರೆಗೆ ಯಾರೂ ಆಕೆಯ ರಕ್ತವನ್ನು ಇದಕ್ಕಾಗಿ ನೋಡಿರಲಿಲ್ಲ. ಪಾಸಿಟಿವ್ ಬಂತು. ಮಗನ ನಡತೆಯ ಬಗೆಗಿನ ಮಾತು ಅಂದಿಗೆ ನಿಂತಿತು. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ಆಕೆ ನನ್ನನ್ನು ಕೇಳಿದರು: “ಹಾಗಾದ್ರೆ ಇದು ನನ್ನಿಂದ ಅವನಿಗೆ ಬಂದದ್ದಾ ಮಾಷ್ಟ್ರೇ? ನನಗೆ ಯಾರಿಂದ ಬಂತು?” ಮೊದಲ ಪ್ರಶ್ನೆಗೆ, ಆಗಿರಬಹುದು, ಅದು ನಿಮ್ಮ ತಪ್ಪಲ್ಲ ಎಂದೆ. ಎರಡನೆಯದಕ್ಕೆ, ನಿಮ್ಮ ಅಮ್ಮನಿಂದ ಇರಬಹುದು ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಮ್ಮ ಹೊಟ್ಟೆಯಲ್ಲಿ ನೀರು ತುಂಬಿ ಸತ್ತದ್ದು, ಆಗ ತನಗೆ ಹನ್ನೆರಡು ವರ್ಷ ಎಂದು ಹೇಳಿದರು.